ಹಳದಿ ಮಗ್ಗು ಪ್ರಕರಣ

ನನ್ನ ಮೇಜಿನ ಮೇಲೆ ಒಂದು ಪೆನ್ಸಿಲ್ ಇದೆ. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವರಿಗೆ ಇದರ ಪರಿಚಯ ಇರುತ್ತದೆ. ಕಂಪ್ಯೂಟರ್ ಬರುವ ಮುಂಚೆ ವರದಿಗಾರರ ಕಾಪಿಯಲ್ಲಿ, ಅಂದರೆ ಬರಹದಲ್ಲಿ, ಕತ್ತರಿಸಬೇಕಾದ್ದಕ್ಕೆ ಕೆಂಪು ಗೆರೆ, ಉಳಿಸಬೇಕಾದ್ದಕ್ಕೆ ನೀಲಿ ಗೆರೆ ಎಳೆಯುತ್ತಿದ್ದೆವು. ನೀಲಿ ತುದಿ ಯಾವಾಗಲೂ ಉದ್ದವಾಗಿ ಉಳಿದಿರುತ್ತಿತ್ತು. ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು, ಹಾರ, ಗೋಡೆ ಗಡಿಯಾರ ಕೊಟ್ಟರು. ಪೆನ್ಸಿಲನ್ನು ನಾನೇ ಜೇಬಿಗೆ ಹಾಕಿಕೊಂಡು ಬಂದೆ.

ಮೊನ್ನೆ ಮನೆಗೆ ಬಂದಿದ್ದ ಹಳೆಯ ಸಹೋದ್ಯೋಗಿಯೊಬ್ಬ ಅದನ್ನು ಎತ್ತಿ ನೋಡಿ, ಮನೆಯಲ್ಲಿ ಇಲಿ ಸೇರಿಕೊಂಡಿದೆಯಾ ಎಂದು ಕೇಳಿದ. ಪೆನ್ಸಿಲಿನ ಎರಡೂ ತುದಿಗಳ ಹತ್ತಿರ ಸಣ್ಣ ಸಣ್ಣ ಹಲ್ಲಿನ ಗುರುತುಗಳಿವೆ. ಇಲಿಯಲ್ಲ ಎಂದೆ. ಯಾವ ತುದಿಯನ್ನು ಯಾರು ಕಚ್ಚಿದ್ದಾರೆ ಎಂಬುದನ್ನು ನಾನು ಹೆಸರು ಸಮೇತ ಹೇಳಬಲ್ಲೆ. ಹೆಸರು ಸಮೇತ ಹೇಳುವ ಈ ವಿದ್ಯೆ ನನಗೆ ಬಂದದ್ದು ನೌಕರಿಯಲ್ಲಿ ಅಲ್ಲ, ನಿವೃತ್ತಿಯಾದ ಮೇಲೆ, ಮೂರು ವರ್ಷದ ಮಕ್ಕಳ ನಡುವೆ ಕೂತು. ಅವನಿಗೆ ಬಸ್ಸಿನ ಅವಸರವಿತ್ತು. ನಿಮಗೆ ಅಂಥ ಅವಸರ ಇಲ್ಲವೆಂದುಕೊಂಡು ಹೇಳುತ್ತೇನೆ.

ನಾವಿರುವುದು ಹೊಸ ತಿಪ್ಪಸಂದ್ರದಲ್ಲಿ, ಮಾರ್ಕೆಟ್ ರಸ್ತೆಯಿಂದ ಮೂರನೇ ಅಡ್ಡರಸ್ತೆ. ಮಗಳು ಅಳಿಯ ಇಬ್ಬರೂ ದೊಮ್ಮಲೂರಿನ ಕಡೆ ಆಫೀಸುಗಳಲ್ಲಿದ್ದಾರೆ. ಬೆಳಗ್ಗೆ ಎಂಟೂವರೆಗೆ ಮೊಮ್ಮಗಳು ಸಾನ್ವಿಯನ್ನು ನಮ್ಮ ಮನೆಯಲ್ಲಿ ಇಳಿಸಿ ಹೋಗುತ್ತಾರೆ. ಸಾನ್ವಿಗೆ ಆಗ ಮೂರು ವರ್ಷ. ಜಗತ್ತನ್ನು ಅವಳು ಹಲ್ಲಿನಿಂದ ತಿಳಿದುಕೊಳ್ಳುತ್ತಿದ್ದಳು. ಟಿವಿ ರಿಮೋಟು, ನನ್ನ ಕನ್ನಡಕದ ಕಡ್ಡಿ, ಅಜ್ಜಿಯ ಪರ್ಸಿನ ಹಿಡಿ, ಪೆನ್ಸಿಲಿನ ಕೆಂಪು ತುದಿ ಎಲ್ಲದರ ಮೇಲೂ ಅವಳ ಮುದ್ರೆ ಬಿದ್ದಿತ್ತು. ಉಳಿದ ಹೊತ್ತು ಮೊಬೈಲು. ಮಗುವಿಗೆ ಮಕ್ಕಳ ಸಹವಾಸ ಬೇಕು ಎಂದು ಡಾಕ್ಟರು ಹೇಳಿದ ಮೇಲೆ ಮಗಳು ವಾಟ್ಸ್ಆ್ಯಪಿನಲ್ಲಿ ಹುಡುಕಿ, ಪಕ್ಕದ ಪಾರ್ಕಿಗೆ ಅಂಟಿಕೊಂಡಿರುವ ನಿವಾಸಿಗಳ ಸಂಘದ ಕಟ್ಟಡದಲ್ಲಿ ಒಂದು ಕಮ್ಯುನಿಟಿ ಪ್ಲೇಗ್ರೂಪ್ ನಡೆಯುತ್ತಿದೆ ಎಂದು ಪತ್ತೆ ಮಾಡಿದಳು. ಮಂಗಳವಾರ, ಗುರುವಾರ, ಶನಿವಾರ, ಬೆಳಗ್ಗೆ ಹತ್ತರಿಂದ ಹನ್ನೆರಡೂವರೆ. ಮಗುವಿನ ಜೊತೆ ಮನೆಯ ದೊಡ್ಡವರೊಬ್ಬರು ಇರಲೇಬೇಕು ಎಂಬುದು ನಿಯಮ. ಮನೆಯಲ್ಲಿ ಖಾಲಿ ಕೂತಿದ್ದ ದೊಡ್ಡವನು ನಾನೊಬ್ಬನೇ.

ನಾನು ಬೆಳೆದದ್ದು ಹಲಸೂರಿನ ಬಜಾರ್ ಬೀದಿಯ ಹಿಂದಿನ ಒಂದು ವಠಾರದಲ್ಲಿ. ಅಲ್ಲಿ ಹನ್ನೊಂದು ಮಕ್ಕಳಿದ್ದೆವು. ನಮಗೂ ಇದ್ದದ್ದು ಪ್ಲೇಗ್ರೂಪೇ ಎಂಬುದು ಈಗ ಗೊತ್ತಾಗುತ್ತಿದೆ. ಅದರ ವ್ಯವಸ್ಥಾಪಕಿ ಮುನಿಯಮ್ಮಜ್ಜಿ. ಜಗಲಿಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದಳು, ಕತ್ತೆತ್ತದೆ ಹನ್ನೊಂದು ಮಕ್ಕಳನ್ನೂ ನೋಡುತ್ತಿದ್ದಳು. ವಠಾರದಲ್ಲಿ ಕನ್ನಡ, ತಮಿಳು, ದಖನಿ ಮೂರೂ ಇದ್ದುದರಿಂದ ಬೈಗುಳದ ವಿಷಯದಲ್ಲಿ ನಮ್ಮ ಭಾಷಾ ಬೆಳವಣಿಗೆ ಚೆನ್ನಾಗಿಯೇ ಆಯಿತು. ಯಾರಾದರೂ ಯಾರನ್ನಾದರೂ ಕಚ್ಚಿದರೆ ಮುನಿಯಮ್ಮಜ್ಜಿ ವಿಚಾರಣೆ ಮಾಡುತ್ತಿರಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಲೆಗೊಂದು ಮೊಟಕು ಕೊಡುತ್ತಿದ್ದಳು. ಕಚ್ಚಿದವನು ಹೇಗೂ ಆ ಸಾಲಿನಲ್ಲಿ ಇರುತ್ತಾನೆ ಎಂಬುದು ಅವಳ ಲೆಕ್ಕ. ಮಕ್ಕಳ ಮೌಲ್ಯಮಾಪನವನ್ನೂ ಅವಳೇ ಮಾಡುತ್ತಿದ್ದಳು. "ಇದು ಉದ್ಧಾರ ಆಗಲ್ಲ" ಎಂಬ ಒಂದೇ ಷರಾ, ಹನ್ನೊಂದು ಜನಕ್ಕೂ. ನಮ್ಮಲ್ಲಿ ಒಬ್ಬ ಬ್ಯಾಂಕ್ ಮ್ಯಾನೇಜರ್ ಆದ, ಒಬ್ಬಳು ಹೈಸ್ಕೂಲ್ ಹೆಡ್‌ಮಿಸ್ ಆದಳು, ನಾನು ಪತ್ರಿಕೆ ಸೇರಿದೆ. ಅವಳ ಅಂದಾಜು ಪೂರ್ತಿ ತಪ್ಪಿತ್ತು ಎನ್ನುವ ಹಾಗಿಲ್ಲ.

ಸಂಘದ ಕಟ್ಟಡದ ಹಾಲ್‌ನಲ್ಲಿ ಮೊದಲ ದಿನ ಕಾಲಿಟ್ಟಾಗ ನನಗೆ ಕಂಡದ್ದು ಒಂದು ಮೂಲೆಯಲ್ಲಿ ಮುರಿದ ಪ್ಲಾಸ್ಟಿಕ್ ಕುರ್ಚಿಗಳು, ಇನ್ನೊಂದು ಮೂಲೆಯಲ್ಲಿ ರಾಜ್ಯೋತ್ಸವದ ಬಾವುಟದ ಕಂಬ, ನಡುವೆ ಬಣ್ಣದ ಚಾಪೆ, ಒಂಬತ್ತು ಮಕ್ಕಳು, ಹನ್ನೊಂದು ದೊಡ್ಡವರು. ಗುಂಪನ್ನು ನಡೆಸುತ್ತಿದ್ದವಳು ಪೂರ್ಣಿಮಾ. ಹುಬ್ಬಳ್ಳಿಯ ಕಡೆಯವಳು. ಮಗ ವಿಹಾನ್ ಹುಟ್ಟಿದ ಮೇಲೆ ಕೆಲಸವನ್ನು ಮಧ್ಯಾಹ್ನದ ನಂತರಕ್ಕೆ ಬದಲಾಯಿಸಿಕೊಂಡಿದ್ದಳು. ಇಲ್ಲಿ ಮಕ್ಕಳಿಗೆ ಹೋಮ್‌ವರ್ಕ್ ಇಲ್ಲ, ಯೂನಿಫಾರ್ಮ್ ಇಲ್ಲ, ಒತ್ತಡ ಇಲ್ಲ ಎಂದು ನನಗೆ ವಿವರಿಸಿದಳು. ಅದು ನಿಜ. ಇವೆಲ್ಲವನ್ನೂ ದೊಡ್ಡವರಿಗೆ ವರ್ಗಾಯಿಸಲಾಗಿತ್ತು. ದೊಡ್ಡವರು ಮನೆಯಲ್ಲಿ ರಟ್ಟು ಕತ್ತರಿಸಿ ಆನೆ ಮಾಡಿಕೊಂಡು ಬರಬೇಕು, ಎದೆಗೆ ಹೆಸರಿನ ಚೀಟಿ ಅಂಟಿಸಿಕೊಳ್ಳಬೇಕು, ಮತ್ತು "ಬೇಡ" ಎಂಬ ಶಬ್ದವನ್ನು ಬಳಸಬಾರದು.

ಗೋಡೆಯ ಮೇಲೆ ವೇಳಾಪಟ್ಟಿ ಇತ್ತು. ಅದರಲ್ಲಿ "ಮುಕ್ತ ಆಟ" ಎಂದು ಬರೆದು ಪಕ್ಕದಲ್ಲಿ ಇಪ್ಪತ್ತು ನಿಮಿಷ ಎಂದು ಕಂಸದಲ್ಲಿ ಹಾಕಿದ್ದರು. ಕಿಟಕಿಯ ಬಳಿ ದೊಡ್ಡ ನೀಲಿ ಟಬ್ಬಿನಲ್ಲಿ ನಾಲ್ಕು ಸೇರು ರಾಗಿ ಸುರಿದು, ಅದರಲ್ಲಿ ಚಮಚ, ಜಾಲರಿ, ಲೋಟಗಳನ್ನು ಹಾಕಿದ್ದರು. ಇದರ ಹೆಸರು ಸೆನ್ಸರಿ ಬಿನ್. ಮಕ್ಕಳು ರಾಗಿಯಲ್ಲಿ ಕೈಯಾಡಿಸಿದರೆ ಮಿದುಳಿನ ನರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವಂತೆ. ನಾನು ಅದೇ ವಯಸ್ಸಿನಲ್ಲಿ ಅಮ್ಮನ ರಾಗಿ ಡಬ್ಬಿಯಲ್ಲಿ ಕೈಯಾಡಿಸಿದಾಗ ಕೂಡಿಕೊಂಡದ್ದು ಅಮ್ಮನ ಅಂಗೈ ಮತ್ತು ನನ್ನ ಬೆನ್ನು. ಇದನ್ನು ನಾನು ಅಲ್ಲಿ ಹೇಳಲಿಲ್ಲ. ನೋಡುವುದು ನನ್ನ ಕೆಲಸ, ಅಭಿಪ್ರಾಯ ಸಂಪಾದಕೀಯ ಪುಟದವರ ಕೆಲಸ.

ಗುಂಪಿನ ಹೆಸರಿನಲ್ಲಿ ಕಮ್ಯುನಿಟಿ ಎಂಬ ಪದ ಇದೆಯೆಂದು ಹೇಳಿದೆನಷ್ಟೆ. ಮೊದಲ ಕೆಲವು ತಿಂಗಳು ಬಂದ ಮಕ್ಕಳೆಲ್ಲ ಒಂದೇ ಥರದ ಮನೆಗಳವರು, ಅಪ್ಪಂದಿರ ಕೊರಳಲ್ಲಿ ಒಂದೇ ಥರದ ಗುರುತಿನ ಚೀಟಿ. ಹೀಗಾದರೆ ಕಮ್ಯುನಿಟಿ ಎಲ್ಲಿದೆ ಎಂದು ಪೂರ್ಣಿಮಾಗೆ ಒಂದು ದಿನ ಹೊಳೆಯಿತಂತೆ. ಕಿಟಕಿಯಿಂದ ನೋಡಿದಳು. ಗೇಟಿನ ಪಕ್ಕ, ಹೊಂಗೆ ಮರದ ಕೆಳಗೆ ಇತ್ತು. ಸೆಲ್ವಿಯ ಇಸ್ತ್ರಿ ಗಾಡಿ. ಇಡೀ ಅಡ್ಡರಸ್ತೆಯ ಬಟ್ಟೆಗಳಿಗೆ ಸೆಲ್ವಿಯೇ ಇಸ್ತ್ರಿ ಮಾಡುತ್ತಾಳೆ, ಇದ್ದಿಲು ತುಂಬುವ ಹಳೆಯ ಪೆಟ್ಟಿಗೆಯಲ್ಲಿ. ಅವಳ ಮಗಳು ನಿಲಾ, ಸಾನ್ವಿಯ ವಯಸ್ಸಿನವಳೇ, ಗಾಡಿಯ ಕೆಳಗೆ ಕೂತಿರುತ್ತಿದ್ದಳು. ಮೊಣಕೈ ಮೇಲೆ ರೂಪಾಯಿ ನಾಣ್ಯದಗಲದ ಸುಟ್ಟ ಕಲೆ. ತಾನು ಸೀರೆ ಮಡಿಸಲು ಆ ಕಡೆ ತಿರುಗಿದಾಗ ಆದದ್ದು ಎಂದು ಸೆಲ್ವಿ ನನಗೊಮ್ಮೆ ಹೇಳಿದ್ದಳು. ಪೂರ್ಣಿಮಾ ಹೋಗಿ ಕೇಳಿದಳು. ಸೆಲ್ವಿ ಒಂದು ವಾರ ಯೋಚಿಸಿ, ಮಗುವಿಗೆ ಎಣ್ಣೆ ಹಾಕಿ ಎರಡು ಜಡೆ ಹೆಣೆದು ತಂದು ಬಿಟ್ಟಳು. ಗಾಡಿ ಬಿಟ್ಟು ಬರಲು ಆಗದ ಕಾರಣ ಅವಳೊಬ್ಬಳಿಗೆ ಜೊತೆ ಇರಬೇಕೆಂಬ ನಿಯಮದಿಂದ ವಿನಾಯಿತಿ. ಪೂರ್ಣಿಮಾ ಒಳ್ಳೆಯವಳು. ದಾಖಲೆಗಾಗಿ ಹೇಳುತ್ತಿದ್ದೇನೆ.

ನಿಲಾ ಹಾಲ್‌ನೊಳಗೆ ಮಾತಾಡುತ್ತಿರಲಿಲ್ಲ. ನೋಡುತ್ತಿದ್ದಳು. ಆ ವಿಷಯದಲ್ಲಿ ನಮ್ಮಿಬ್ಬರದು ಒಂದೇ ವೃತ್ತಿ.

ನಾನು ಹೋಗತೊಡಗಿದ ಎರಡನೇ ವಾರ ಪೂರ್ಣಿಮಾ ದಪ್ಪ ನೋಟ್‌ಬುಕ್ಕೊಂದನ್ನು ನನ್ನ ಕೈಗಿಟ್ಟಳು. ಮೇಲೆ ಅಂದವಾಗಿ "ಅವಲೋಕನ ಪುಸ್ತಕ" ಎಂದು ಬರೆದಿತ್ತು. ಪ್ರತಿ ದಿನ ಮಕ್ಕಳು ಏನೇನು ಮಾಡಿದರು ಎಂದು ಬರೆದಿಡಬೇಕು, ತೀರ್ಪು ಕೊಡಬಾರದು, ಕಂಡದ್ದಷ್ಟೇ. "ನಿಮ್ಗ ಹೇಳಿಕೊಡೂದೇನೈತಿ ಅಂಕಲ್, ನೀವ ಪೇಪರ್‌ನ್ಯಾಗ ಇದ್ದವ್ರು" ಎಂದಳು. ನಾನು ಬೇಡವೆನ್ನಲಿಲ್ಲ. ಆ ಶಬ್ದಕ್ಕೆ ಅಲ್ಲಿ ಹೇಗೂ ನಿಷೇಧವಿತ್ತು.

ನನಗೆ ಬರುವುದು ಒಂದೇ ಶೈಲಿ. "ಬಣ್ಣದ ಕಾಗದ ಹಂಚಿಕೆ: ಅಸಮಾಧಾನ ಸ್ಫೋಟ." "ಹಾಡಿನ ವೇಳೆ ಇಬ್ಬರ ಸಭಾತ್ಯಾಗ." ಮೊದಲಿಗೆ ತಾಯಂದಿರು ನಕ್ಕರು. ಆಮೇಲೆ ಓದತೊಡಗಿದರು. ಓದತೊಡಗಿದ ಮೇಲೆ ನಗು ನಿಂತಿತು. ತನ್ನ ಮಗ ಬಿಸ್ಕತ್ ಹಂಚಿಕೊಂಡದ್ದು ಯಾಕೆ ಬಂದಿಲ್ಲ ಎಂದು ಒಬ್ಬರು ಕೇಳಿದರು. ಮಗ ಜಾರುಬಂಡಿಯ ತುದಿಯಿಂದ ಹಿಂದೆ ಸರಿದ ಎಂದು ಬರೆದದ್ದಕ್ಕೆ ಒಬ್ಬ ತಂದೆ ಬೇಸರಪಟ್ಟುಕೊಂಡು, ಅದು ಹಿಂದೆ ಸರಿದದ್ದಲ್ಲ, ಅಪಾಯದ ಅಂದಾಜು ಮಾಡಿದ್ದು, ಹಾಗೆಂದು ತಿದ್ದಿ ಎಂದ. ಮಂತ್ರಿಗಳ ಆಪ್ತರು ಫೋನು ಮಾಡುತ್ತಿದ್ದ ಕಾಲ ನೆನಪಾಯಿತು. ಯಾರ ತಂಟೆಯೂ ಬೇಡವೆಂದು ಒಂದು ನೀತಿ ಮಾಡಿಕೊಂಡೆ. ಅಪ್ರಾಪ್ತ ವಯಸ್ಕರ ಹೆಸರನ್ನು ಪ್ರಕಟಿಸಬಾರದು ಎಂಬುದು ಪತ್ರಿಕೆಯಲ್ಲಿ ನಾವು ಪಾಲಿಸುತ್ತಿದ್ದ ಕಟ್ಟುನಿಟ್ಟಿನ ನಿಯಮ. ಅದನ್ನೇ ಇಲ್ಲಿಗೂ ತಂದೆ. ಇನ್ನು ಮುಂದೆ ಪುಸ್ತಕದಲ್ಲಿ ಹೆಸರುಗಳಿರುವುದಿಲ್ಲ ಎಂದು ಪೂರ್ಣಿಮಾಗೆ ತಿಳಿಸಿದೆ.

"ಯಾಕ್ರೀ ಅಂಕಲ್?"

"ಅಪ್ರಾಪ್ತರು ಕಣಮ್ಮ."

"ಯಾರು?"

"ಎಲ್ಲರೂ."

ಪ್ರೈವಸಿ ಎಂಬ ಶಬ್ದವನ್ನು ಅವಳೇ ಸೇರಿಸಿಕೊಂಡು ಬಹಳ ಮೆಚ್ಚಿದಳು.

ಘಟನೆ ನಡೆದದ್ದು ಮರುವಾರದ ಮಂಗಳವಾರ. ರಾಗಿ ಟಬ್ಬಿನ ಸುತ್ತ ಮೂವರಿದ್ದರು. ವಿಹಾನ್, ಸಾನ್ವಿ, ನಿಲಾ. ಟಬ್ಬಿನಲ್ಲಿ ಇದ್ದ ಹಳದಿ ಮಗ್ಗು ಒಂದೇ. ಸಾನ್ವಿ ಅದನ್ನು ತುಂಬಿಸುತ್ತಿದ್ದಳು, ವಿಹಾನ್ ಕಿತ್ತುಕೊಂಡ, ಸಾನ್ವಿ ಅವನ ಎಡಗೈಯನ್ನು ಮೊಣಕೈ ಕೆಳಗೆ ಕಚ್ಚಿದಳು. ಮಗ್ಗು ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲೂ ಇಲ್ಲ. ಪ್ರಕರಣ ಮುಗಿಸಿದವಳಂತೆ ನಡೆದು ಹೋಗಿ ಪುಸ್ತಕದ ಮೂಲೆಯಲ್ಲಿ ಕೂತು ಮೊಲದ ಚಿತ್ರ ನೋಡತೊಡಗಿದಳು. ವಿಹಾನನ ಅಳು ಕೇಳಿ ದೊಡ್ಡವರೆಲ್ಲ ಓಡಿ ಬರುವಷ್ಟರಲ್ಲಿ ಟಬ್ಬಿನ ಬಳಿ ನಿಂತಿದ್ದವಳು ನಿಲಾ ಒಬ್ಬಳೇ. ಕೈಯಲ್ಲಿ ಚಮಚ, ತುಟಿಯ ಮೇಲೆ ನಾಲ್ಕು ಕಾಳು ರಾಗಿ.

ನಾನು ಆರು ಅಡಿ ದೂರದ ಬೆಂಚಿನ ಮೇಲಿದ್ದೆ. ಪೂರ್ತಿ ನೋಡಿದ್ದೆ. ಅಂದು ಬರೆದದ್ದು ಇಷ್ಟು:

"ರಾಗಿ ಟಬ್ಬಿನ ಬಳಿ ಬೆಳಗ್ಗೆ 10.50ರ ಸುಮಾರಿಗೆ ಮೂರು ವರ್ಷದ ಬಾಲಕನೊಬ್ಬನ ಎಡಗೈಯನ್ನು ಮೂರು ವರ್ಷದ ಬಾಲಕಿಯೊಬ್ಬಳು ಕಚ್ಚಿದ್ದಾಳೆ. ಹಳದಿ ಮಗ್ಗಿನ ವಿಷಯದಲ್ಲಿ ಉಂಟಾದ ಭಿನ್ನಾಭಿಪ್ರಾಯವೇ ಇದಕ್ಕೆ ಕಾರಣ ಎನ್ನಲಾಗಿದೆ. ಗಾಯಾಳುವಿಗೆ ಐಸ್ ಹಾಗೂ ಬಾಳೆಹಣ್ಣು ನೀಡಲಾಗಿದ್ದು, ಅಪಾಯದಿಂದ ಪಾರಾಗಿದ್ದಾನೆ. ಪರಿಸ್ಥಿತಿ ಹತೋಟಿಯಲ್ಲಿದೆ."

ಬರೆದು, ಓದಿ, ಒಳ್ಳೆಯ ಕಾಪಿ ಎಂದು ನನಗೇ ಅನ್ನಿಸಿತು. ಒಂದು ಅನವಶ್ಯಕ ಪದವಿಲ್ಲ.

ಪತ್ರಿಕೆಯಲ್ಲಿ ನಾವು ಹೆಸರು ಬಿಡುತ್ತಿದ್ದೆವು, ಆದರೆ ಹುಡುಗನ ವಯಸ್ಸು, ಅವನ ಬೀದಿ, ಅವನಪ್ಪನ ಕೆಲಸ ಎಲ್ಲ ಹಾಕುತ್ತಿದ್ದೆವು. ಆ ಬೀದಿಯವರಿಗೆ ಅಷ್ಟು ಸಾಕಾಗುತ್ತಿತ್ತು. ಇಲ್ಲಿಯೂ ಸಾಕಾಯಿತು. ಗುಂಪಿನಲ್ಲಿ ಮೂರು ವರ್ಷದ ಹುಡುಗಿಯರು ಇದ್ದದ್ದು ಇಬ್ಬರೇ. ಒಬ್ಬಳು ಬರೆದವರ ಮೊಮ್ಮಗಳು. ಉಳಿದವಳು ಯಾರು ಎಂದು ಕಳೆದು ನೋಡಲು ಯಾರಿಗೂ ಕಾಗದ ಬೇಕಾಗಲಿಲ್ಲ.

ಬುಧವಾರ ಸಭೆ ಸೇರಿತು. ಕಚ್ಚುವ ಮಕ್ಕಳ ಬಗ್ಗೆ ಯಾರೋ ಇಂಗ್ಲಿಷ್ ಲೇಖನವೊಂದನ್ನು ಮುದ್ರಿಸಿ ತಂದಿದ್ದರು. ಮಾತು ಬಾರದ ಮಕ್ಕಳು ಹೆಚ್ಚು ಕಚ್ಚುತ್ತಾರೆ ಎಂದು ಅದರಲ್ಲಿತ್ತಂತೆ. ನನ್ನ ಮೊಮ್ಮಗಳಿಗೆ ಮಾತು ಬೇಕಾದಷ್ಟಿದೆ. ಎಲ್ಲವೂ ಒಂದೇ ದಿಕ್ಕಿಗೆ ಹೋಗುತ್ತಿತ್ತು. ಕಚ್ಚಿದ ಮಗುವಿಗೆ ಎರಡು ವಾರ ಬಿಡುವು ಎಂದು ತೀರ್ಮಾನವಾಯಿತು. ಶಿಕ್ಷೆಯಲ್ಲ, ಬ್ರೇಕ್ ಎಂದು ಪೂರ್ಣಿಮಾ ಎರಡು ಸಲ ಹೇಳಿದಳು. ಸಭೆ ಮುಗಿದ ಮೇಲೆ ನನ್ನ ಬಳಿ ಬಂದು ದನಿ ತಗ್ಗಿಸಿದಳು.

"ಅಂಕಲ್, ನೀವ್ ಅಲ್ಲೇ ಇದ್ರಿ. ಆ ಹುಡುಗೀನ ಹೌದಲ್ರೀ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೊರಬಂದದ್ದು ಬೇರೆ. "ಹೆಸರು ನಾನು ಹೇಳೋ ಹಾಗಿಲ್ಲಮ್ಮ."

ಅವಳ ಕಣ್ಣು ಒದ್ದೆಯಾಯಿತು. "ಭಾಳ ದೊಡ್ಡ ಮನಸು ಅಂಕಲ್ ನಿಮ್ದು" ಎಂದಳು.

ದೊಡ್ಡ ಮನಸ್ಸಿನವನು ಮನೆಗೆ ಬಂದು ಊಟ ಮಾಡಿ ಮಲಗಿದ.

ಗುರುವಾರ ಬೆಳಗ್ಗೆ ಸಾನ್ವಿಯ ಕೈಹಿಡಿದು ಗೇಟಿನ ಬಳಿ ಬಂದಾಗ ಸೆಲ್ವಿ ಎಂದಿನಂತೆ ಪೆಟ್ಟಿಗೆಯನ್ನು ಬೀಸಿ ಇದ್ದಿಲಿಗೆ ಗಾಳಿ ಹಾಕುತ್ತಿದ್ದಳು. ಗಾಡಿಯ ಕೆಳಗೆ ನಿಲಾ ಇದ್ದಳು. ಎರಡು ಜಡೆ, ಅದೇ ಹೂವಿನ ಫ್ರಾಕು. ಎಡಗಾಲಿಗೆ ಹಳೆಯ ಸೀರೆಯ ಅಂಚನ್ನು ಮೆತ್ತಗೆ ಸುತ್ತಿ, ಅದರ ಇನ್ನೊಂದು ತುದಿಯನ್ನು ಗಾಡಿಯ ಚಕ್ರಕ್ಕೆ ಕಟ್ಟಿತ್ತು. ಇದ್ದಿಲಿನ ಪೆಟ್ಟಿಗೆ ಇಡುವ ಕಡೆಗೆ ಕೈ ಎಟುಕದ ಹಾಗೆ ಅಳತೆ ಮಾಡಿ ಕಟ್ಟಿದ್ದು. ಅವಳ ಮುಂದೆ ಉದುರಿದ ಹೊಂಗೆ ಎಲೆಗಳ ರಾಶಿ. ಅರ್ಧ ಇಟ್ಟಿಗೆಯಿಂದ ಒಂದೊಂದೇ ಎಲೆಯನ್ನು ಒತ್ತಿ, ಮಡಿಸಿ, ಪಕ್ಕಕ್ಕಿಡುತ್ತಿದ್ದಳು. ಸಾನ್ವಿ ನಿಂತು ನೋಡಿದಳು. ನಾನು ಕೈ ಎಳೆದೆ.

"ಸಾರ್" ಎಂದಳು ಸೆಲ್ವಿ, ಕೈ ನಿಲ್ಲಿಸದೆ. "ನಮ್ ಪಾಪು ಯಾರ್ನೂ ಕಚ್ಚಲ್ಲ ಸಾರ್. ಅದು ಇಡ್ಲಿನೇ ಸರಿಯಾಗ್ ಕಚ್ಚಲ್ಲ. ನೀವ್ ಅಲ್ಲೇ ಕೂತಿರ್ತೀರಲ್ಲ, ಸ್ವಲ್ಪ ಹೇಳಿ ಸಾರ್ ಅವ್ರಿಗೆ."

ನೋಡೋಣ ಎಂದೆ. ಸರ್ಕಾರಿ ವಕ್ತಾರರು ನನಗೆ ಎಷ್ಟೋ ವರ್ಷ ಹೇಳಿದ ಪದ ಅದು. ಬಳಸಲು ಬಹಳ ಸುಲಭ ಎಂದು ಗೊತ್ತಾಯಿತು. ಒಳಗೆ ಹೋಗಿ ಚಾಪೆಯ ಮೇಲೆ ಕೂತು ಉಳಿದವರ ಜೊತೆ ಚಿಟ್ಟೆಯ ಹಾಡು ಹೇಳಿದೆ. ಅಂದು ಪುಸ್ತಕದಲ್ಲಿ ದಿನಾಂಕ ಬಿಟ್ಟು ಏನೂ ಬರೆಯಲಾಗಲಿಲ್ಲ.

ಮಧ್ಯಾಹ್ನ ಸಾನ್ವಿ ಮಲಗಿದ ಮೇಲೆ ಸರೋಜಾಗೆ, ಅಂದರೆ ನನ್ನ ಹೆಂಡತಿಗೆ, ಎಲ್ಲವನ್ನೂ ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಪತ್ರಿಕಾ ಧರ್ಮ, ಅಪ್ರಾಪ್ತರ ರಕ್ಷಣೆ, ನಾನು ಸುಳ್ಳನ್ನಂತೂ ಬರೆದಿಲ್ಲ ಎಂಬ ಅಂಶ, ಎಲ್ಲವನ್ನೂ ಕ್ರಮವಾಗಿ ಮಂಡಿಸಿದೆ. ಅವಳು ಪೂರ್ತಿ ಕೇಳಿದಳು.

"ಅಲ್ಲಾ ರೀ, ಊರೋರ್ ಮಕ್ಕಳ ಸುದ್ದಿಯೆಲ್ಲ ಮುಖಪುಟದಲ್ಲಿ ಹಾಕ್ದೋರು ನೀವು. ಮೊಮ್ಮಗಳದ್ದು ಬಂದಾಗ ಧರ್ಮ ನೆನಪಾಯ್ತಾ?"

"ಹೆಸರು ಹಾಕಿಲ್ಲ, ಅಷ್ಟೇ."

"ಹಾಕಿದ್ದೀರಿ. ಆ ಮಗೂದು."

ಮೂವತ್ತೆರಡು ವರ್ಷದ ವೃತ್ತಿಯಲ್ಲಿ ನನ್ನ ಕಾಪಿಯನ್ನು ಯಾರೂ ಇಷ್ಟು ಚಿಕ್ಕದಾಗಿ ಎಡಿಟ್ ಮಾಡಿರಲಿಲ್ಲ.

ಶುಕ್ರವಾರ ಕೂತು ತಿದ್ದುಪಡಿ ಬರೆದೆ. ತಿದ್ದುಪಡಿ ಬರೆಯುವುದಕ್ಕೂ ಒಂದು ಸಂಪ್ರದಾಯವಿದೆ. ಒಳಪುಟದ ಕೆಳಗಿನ ಮೂಲೆ, ಅತಿ ಸಣ್ಣ ಅಕ್ಷರ, ತಪ್ಪು ಯಾರದೆಂದು ಗೊತ್ತಾಗದ ವಾಕ್ಯ. "ಮಂಗಳವಾರದ ವರದಿಯಿಂದ ಉಂಟಾಗಿರಬಹುದಾದ ಗೊಂದಲಕ್ಕೆ ವಿಷಾದಿಸಲಾಗಿದೆ" ಎಂದು ಪುಟದ ಅಂಚಿನಲ್ಲಿ ಇರುವೆ ಸಾಲಿನಂತೆ ಬರೆದೆ. ಸರೋಜಾ ಹಿಂದಿನಿಂದ ಓದಿ, ಇದನ್ನು ಸೆಲ್ವಿಗೆ ಓದಿ ಹೇಳಿದರೆ ಅವಳಿಗೆ ಅರ್ಥವಾಗುತ್ತಾ ಎಂದು ಕೇಳಿದಳು. ಕೆಂಪು ತುದಿಯಿಂದ ಹೊಡೆದು ಹಾಕಿದೆ.

ಶನಿವಾರ ಸರ್ಕಲ್ ಟೈಮ್. ಎಲ್ಲರೂ ಚಾಪೆಯ ಮೇಲೆ ಸುತ್ತ ಕೂತು, ನಡುವೆ ಇಟ್ಟ ಕಾರ್ಡುಗಳಲ್ಲಿ ಅವತ್ತಿನ ತಮ್ಮ ಮನಸ್ಥಿತಿಗೆ ಹೊಂದುವ ಮುಖವನ್ನು ಎತ್ತಿ ತೋರಿಸುವುದು ಅಲ್ಲಿಯ ಪದ್ಧತಿ. ದೊಡ್ಡವರಿಗೂ ರಿಯಾಯಿತಿ ಇಲ್ಲ. ಸಾಮಾನ್ಯವಾಗಿ ನಾನು ನಗುಮುಖ ಎತ್ತಿ ಮುಗಿಸುತ್ತಿದ್ದೆ. ಅಂದು ಹುಡುಕಿದೆ. ಖುಷಿ ಇತ್ತು, ಕೋಪ ಇತ್ತು, ಭಯ ಇತ್ತು, ನಿದ್ದೆಯೂ ಇತ್ತು. ನನಗೆ ಬೇಕಾದ ಮುಖ ಇರಲಿಲ್ಲ. ಮೂರು ವರ್ಷದವರಿಗೆ ಅದರ ಅಗತ್ಯ ಬೀಳುವುದಿಲ್ಲ ಎಂದು ಕಾರ್ಡು ಮಾಡಿದವರು ಅಂದುಕೊಂಡಿರಬೇಕು. ಕಾರ್ಡೊಂದನ್ನು ಮಗುಚಿ ಅದರ ಬಿಳಿ ಬೆನ್ನನ್ನು ತೋರಿಸಿದೆ.

"ಮಂಗಳವಾರ ವಿಹಾನನ್ನ ಕಚ್ಚಿದ್ದು ಸಾನ್ವಿ" ಎಂದೆ. "ನಾನು ನೋಡಿದೆ. ನಿಲಾ ಪಕ್ಕದಲ್ಲಿ ನಿಂತಿದ್ದಳು, ಅಷ್ಟೇ. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ."

ಮೊದಲು ಮಾತಾಡಿದವಳು ಸಾನ್ವಿ.

"ಹೂಂ, ನಾನೇ ಕಚ್ಚಿದ್ದು. ಅವ್ನು ಮಗ್ಗು ಕೊಡ್ಲಿಲ್ಲ."

ವಿಹಾನ್ ತೋಳು ಮೇಲೆತ್ತಿ, ಇಲ್ಲಿ ಕಚ್ಚಿದ್ದು ಎಂದು ಜಾಗ ತೋರಿಸಿದ. ಇಬ್ಬರ ಹೇಳಿಕೆಯಲ್ಲೂ ವ್ಯತ್ಯಾಸವಿರಲಿಲ್ಲ. ಐದು ದಿನ, ಒಂದು ಸಭೆ, ಒಂದು ಇಂಗ್ಲಿಷ್ ಲೇಖನ, ಎಂಬತ್ತಕ್ಕೂ ಮೀರಿದ ವಾಟ್ಸ್ಆ್ಯಪ್ ಸಂದೇಶ. ಕಚ್ಚಿದವಳನ್ನಾಗಲಿ ಕಚ್ಚಿಸಿಕೊಂಡವನನ್ನಾಗಲಿ ನಾವು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಇಬ್ಬರೂ ಮೊದಲ ದಿನವೇ ಹೇಳುತ್ತಿದ್ದರು. ತರಬೇತಿ ವರದಿಗಾರನೊಬ್ಬ ಹೀಗೆ ಮಾಡಿದ್ದರೆ ನಾನು ಅವನನ್ನು ಹವಾಮಾನದ ಕಾಲಮ್ಮಿಗೆ ಹಾಕುತ್ತಿದ್ದೆ.

ಪೂರ್ಣಿಮಾ ನನ್ನನ್ನು ನೋಡುತ್ತಿದ್ದಳು. "ನಾ ನಿಮ್ಮನ್ನ ಕೇಳಿದ್ನಲ್ರೀ ಅಂಕಲ್."

"ನೀನು ಕೇಳಿದ್ದೆ."

"ನಾ ಹೋಗಿ ಆಕಿಗೆ ಹೇಳ್ಬಂದೆ, ನಿನ್ ಮಗಳು ಬರೂದು ಬ್ಯಾಡ ಅಂತ." ನಿಷೇಧಿತ ಶಬ್ದವನ್ನು ಬಳಸಿದ್ದು ಅವಳ ಗಮನಕ್ಕೆ ಬಂದಂತೆ ಕಾಣಲಿಲ್ಲ. ಎದ್ದು ಚಪ್ಪಲಿ ಹಾಕಿಕೊಳ್ಳದೆ ಗೇಟಿನ ಕಡೆ ನಡೆದಳು. ಹಿಂದೆ ನಾನು.

ಗಾಡಿಯ ಮುಂದೆ ನಿಂತು ಪೂರ್ಣಿಮಾ ತನ್ನ ತಪ್ಪನ್ನು ಹೇಳಿಕೊಂಡಳು, ನಾನು ನನ್ನದನ್ನು. ಸೆಲ್ವಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಬಗ್ಗಿ, ಮಗಳ ಕಾಲಿನ ಗಂಟು ಬಿಚ್ಚಿದಳು. ಹೋಗು ಎಂದು ತಮಿಳಿನಲ್ಲಿ ಹೇಳಿದಳು. ನಿಲಾ ಹೋಗಲಿಲ್ಲ. ಎರಡೂ ಕೈಯಿಂದ ಚಕ್ರ ಹಿಡಿದುಕೊಂಡಳು. ಪೂರ್ಣಿಮಾ ಕುಕ್ಕರಗಾಲಿನಲ್ಲಿ ಕೂತು, ರಾಗಿ ಟಬ್ಬಿದೆ, ಹಳದಿ ಮಗ್ಗಿದೆ ಎಂದೆಲ್ಲ ಕರೆದಳು. ಮಗ್ಗಿನ ಹೆಸರು ಕೇಳಿ ಮಗು ಇನ್ನೂ ಹಿಂದೆ ಸರಿಯಿತು.

"ಬಿಡಿ ಅಕ್ಕಾ, ಅದುಕ್ಕೆ ಇಷ್ಟ ಆದ್ರೆ ಬರುತ್ತೆ" ಎಂದಳು ಸೆಲ್ವಿ. ಆಮೇಲೆ ನನ್ನ ಕಡೆ ತಿರುಗಿದಳು. "ಸಾರ್, ನಿಮ್ ಎಲ್ಲಾ ಷರ್ಟಲ್ಲೂ ಜೋಬಲ್ಲಿ ಇಂಕು. ಉಜ್ಜಿ ಉಜ್ಜಿ ನಂಗೆ ಸಾಕಾಗೋಯ್ತು. ನಮ್ ಪಾಪು ಕಚ್ಚಿಲ್ಲ ಅಂತ ಬರ್ಯೋಕೆ ಮಾತ್ರ ಇಂಕ್ ಇರ್ಲಿಲ್ವಾ?"

ನಾನು ಜೇಬಿನ ಮೇಲಿನ ಕಲೆಗೆ ಅಂಗೈ ಅಡ್ಡ ಹಿಡಿದೆ.

ನಿಯಮ ನಿಯಮವೇ. ಎರಡು ವಾರದ ಬ್ರೇಕ್ ಸಾನ್ವಿಗೆ ವರ್ಗಾವಣೆಯಾಯಿತು. ಕೆಲವರು ಬೇಡ ಬಿಡಿ ಎಂದರು, ನಾನೇ ಒಪ್ಪಲಿಲ್ಲ. ಇದನ್ನು ನನ್ನ ನೈತಿಕ ನಿಲುವೆಂದು ತಿಳಿಯಬೇಡಿ. ನಾನು ಸೋಲಿನಿಂದಲೂ ಸ್ವಲ್ಪ ಹೆಸರು ಮಾಡಿಕೊಳ್ಳಲು ನೋಡುತ್ತಿದ್ದೆ. ಇದರ ಫಲ ಮಂಗಳವಾರ ಹತ್ತು ಗಂಟೆಗೆ ಸಿಕ್ಕಿತು. ಸಾನ್ವಿಗೆ ಬ್ರೇಕ್ ಎಂದರೇನೆಂದು ಗೊತ್ತಿರಲಿಲ್ಲ. ಬ್ಯಾಗು ಹಾಕಿಕೊಂಡು ಗೇಟಿನ ತನಕ ನನ್ನನ್ನು ಎಳೆದುಕೊಂಡು ಬಂದಳು. ಒಳಗೆ ಹೋಗುವ ಹಾಗಿಲ್ಲ ಎಂದೆ. ರಸ್ತೆಯಲ್ಲಿ ಕೂತು ಅತ್ತಳು. ಆಮೇಲೆ ಗಾಡಿಯ ಕೆಳಗೆ ನಿಲಾ ಎಲೆಗೆ ಇಸ್ತ್ರಿ ಮಾಡುತ್ತಿರುವುದು ಕಂಡು, ಅಳುತ್ತಲೇ ಅಲ್ಲಿಗೆ ಹೋಗಿ ಕೂತಳು.

ಸೆಲ್ವಿ ನನಗೊಂದು ಸ್ಟೂಲು ಕೊಟ್ಟಳು. ಸುಮ್ಮನೆ ಕೂರಲು ಬಿಡಲಿಲ್ಲ. ಬೆಡ್‌ಶೀಟುಗಳು ಬಂದಾಗ ಎರಡು ತುದಿ ಹಿಡಿಯುವ ಕೆಲಸ ನನ್ನದಾಯಿತು. ಎಳೆದು ಹಿಡಿಯಿರಿ, ಎದುರಿಗೆ ಬನ್ನಿ, ಹಿಂದೆ ಹೋಗಿ ಎಂದು ಎರಡು ವಾರ ನಡೆಸಿದಳು. ಮಕ್ಕಳಿಬ್ಬರಿಗೆ ಸೀರೆಯಂಚು ಬೇಕಾಗಲಿಲ್ಲ, ಇದ್ದಿಲಿನ ಕಡೆ ನಾನು ನಿಂತಿರುತ್ತಿದ್ದೆ. ಆ ಎರಡು ವಾರದಲ್ಲಿ ನನಗೆ ಗೊತ್ತಾದ ಮುಖ್ಯ ಸಂಗತಿ ಎಂದರೆ ನಿಲಾ ಮಾತಾಡದ ಹುಡುಗಿಯಲ್ಲ. ಅವಳು ಮೇಲ್ವಿಚಾರಕಿ. "ಇಂಗೆ ವೈ" ಎಂದು ನೆಲ ಕುಟ್ಟಿ ತೋರಿಸುತ್ತಿದ್ದಳು, ಸಾನ್ವಿ ಎಲೆಗಳನ್ನು ತಂದು ಅಲ್ಲೇ ಇಡುತ್ತಿದ್ದಳು. ಸಾನ್ವಿ ಕನ್ನಡದಲ್ಲಿ ಏನೋ ವಾದಿಸುತ್ತಿದ್ದಳು, ನಿಲಾ ತಮಿಳಿನಲ್ಲಿ ತಿರಸ್ಕರಿಸುತ್ತಿದ್ದಳು. ಮಡಿಕೆ ಸರಿ ಬಾರದ ಎಲೆ ವಾಪಸು. ಅವಲೋಕನ ಪುಸ್ತಕದಲ್ಲಿ ಅವಳ ಬಗ್ಗೆ ನಾನು ಬರೆದದ್ದೆಲ್ಲ "ಮಾತನಾಡಲಿಲ್ಲ" ಎಂದೇ. ಮಾತನಾಡಲಿಲ್ಲ ನಿಜ. ಹೇಳುವಂಥದ್ದು ನಮ್ಮಲ್ಲಿ ಏನೂ ಕಂಡಿರಲಿಕ್ಕಿಲ್ಲ.

ಒಳಗಿನ ಮಕ್ಕಳು ಕಿಟಕಿಯ ಸರಳಿಗೆ ಮುಖ ಒತ್ತಿ ನೋಡತೊಡಗಿದರು. ಎರಡನೇ ವಾರ ಪೂರ್ಣಿಮಾ ಇಬ್ಬರನ್ನು ಹೊರಗೆ ಕರೆತಂದಳು, ಅದರ ಮುಂದಿನ ಆಟದ ದಿನ ನಾಲ್ವರು ಬಂದರು. ಆ ಶನಿವಾರದ ಹೊತ್ತಿಗೆ ಗೋಡೆಯ ವೇಳಾಪಟ್ಟಿಯಲ್ಲಿ "ಲೀಫ್ ಪ್ರೆಸ್ಸಿಂಗ್, ಇಪ್ಪತ್ತು ನಿಮಿಷ" ಎಂಬ ಸಾಲು ಸೇರಿತ್ತು. ಇದರಿಂದ ಬೆರಳುಗಳ ಸೂಕ್ಷ್ಮ ಚಲನೆ ಬೆಳೆಯುತ್ತದೆ ಎಂದು ಒಬ್ಬ ತಂದೆ ನನಗೆ ವಿವರಿಸಿದ. ನಾನು ಬೆಡ್‌ಶೀಟು ಹಿಡಿದು ಕೇಳಿಸಿಕೊಂಡೆ.

ಬ್ರೇಕ್ ಮುಗಿದ ಮೊದಲ ಮಂಗಳವಾರ ನನಗೆ ಒಂದೇ ಯೋಚನೆಯಿತ್ತು. ಸಾನ್ವಿ ಒಳಗೆ ಹೋದರೆ ನಿಲಾ ಮತ್ತೆ ಚಕ್ರದ ಪಾಲು. ಆ ದಿನ ಸೆಲ್ವಿಯ ಕೈಯಲ್ಲಿ ಸೀರೆಯಂಚು ಸಿದ್ಧವಾಗಿತ್ತು, ಸುಳ್ಳು ಹೇಳುವುದೇಕೆ. ಸಾನ್ವಿ ಗೇಟಿನೊಳಗೆ ನಾಲ್ಕು ಹೆಜ್ಜೆ ಇಟ್ಟು ನಿಂತಳು. ತಿರುಗಿ ನೋಡಿದಳು. ನಿಲಾ ಅರ್ಧ ಇಟ್ಟಿಗೆ ಹಿಡಿದು ಕೂತಿದ್ದಳು. ಸಾನ್ವಿ ವಾಪಸು ಬಂದು, ಕರೆಯಲಿಲ್ಲ, ಕೈ ಹಿಡಿಯಲಿಲ್ಲ. ಒತ್ತಿಟ್ಟ ಎಲೆಗಳ ರಾಶಿಯನ್ನು ಫ್ರಾಕಿನಲ್ಲಿ ತುಂಬಿಕೊಂಡು ಒಳಗೆ ಓಡಿದಳು. ತನ್ನ ಮಾಲು ಹೋಗುವುದನ್ನು ನೋಡಿ ಮೇಲ್ವಿಚಾರಕಿ ಎದ್ದಳು. ಇಟ್ಟಿಗೆ ಸಮೇತ ಅವಳ ಹಿಂದೆ ಒಳಗೆ ನಡೆದಳು. ಸೆಲ್ವಿ ಸ್ವಲ್ಪ ಹೊತ್ತು ಆ ಕಡೆ ನೋಡಿ, ಸೀರೆಯಂಚನ್ನು ಮಡಿಸಿ, ಇಸ್ತ್ರಿ ಬಟ್ಟೆಗಳ ಕೆಳಗೆ ಹಾಕಿದಳು.

ನಿಲಾ ಸರ್ಕಲ್ಲಿನಲ್ಲಿ ಕೂರಲಿಲ್ಲ. ಬೆಂಚಿಗೆ ಬಂದು ನನ್ನ ಪಕ್ಕ ಹತ್ತಿ ಕೂತಳು. ನನ್ನ ಮಡಿಲಲ್ಲಿದ್ದ ಪುಸ್ತಕ ನೋಡಿದಳು, ನನ್ನ ಮುಖ ನೋಡಿದಳು, ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು. ಕೆಂಪು ತುದಿಯ ಹಲ್ಲಿನ ಗುರುತುಗಳನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸಿದಳು. ಅದನ್ನು ಮಾಡಿದವರು ಯಾರೆಂದು ಅವಳಿಗೆ ಗೊತ್ತಿತ್ತು ಎಂದು ನನಗೆ ಅನ್ನಿಸುತ್ತದೆ, ಆದರೆ ಅದು ನನ್ನ ಊಹೆ. ಆಮೇಲೆ ಪೆನ್ಸಿಲನ್ನು ತಿರುಗಿಸಿ, ನೀಲಿ ತುದಿಯನ್ನು ಬಾಯಿಗಿಟ್ಟು, ನಿಧಾನವಾಗಿ, ಗಟ್ಟಿಯಾಗಿ ಕಚ್ಚಿದಳು. ಗುರುತು ಬಿದ್ದಿದೆಯೇ ಎಂದು ನೋಡಿದಳು. ಬಿದ್ದಿತ್ತು. ವಾಪಸು ಕೊಟ್ಟಳು.

ಹೊಸ ಪುಟ ತಿರುಗಿಸಿ ಬರೆದೆ: "ಬೆಳಗ್ಗೆ 10.20. ಪೆನ್ಸಿಲ್ ಕಚ್ಚಿದವರು ನಿಲಾ, ಸೆಲ್ವಿಯ ಮಗಳು. ನೋಡಿದವನು ನಾನು. ಗಾಯಾಳುಗಳಿಲ್ಲ."

ಪೂರ್ಣಿಮಾ ಬಂದು ಓದಿದಳು. ಎರಡು ವಾರದ ನಿಯಮ ಅವಳ ಬಾಯಿಗೆ ಬಂದಿರಬೇಕು, ನುಂಗಿಕೊಂಡಳು. "ಪೆನ್ಸಿಲ್ಲಿಗಿ ಐಸ್ ತರ್ಲೇನ್ರೀ ಅಂಕಲ್?" ಎಂದಳು.

ಬಾಳೆಹಣ್ಣು ಸಾಕು ಎಂದೆ. ಅದನ್ನು ನಿಲಾ ತಿಂದಳು, ಸಣ್ಣ ಸಣ್ಣದಾಗಿ. ಅವಳ ತಾಯಿ ಹೇಳಿದ್ದು ನಿಜ, ತಿನ್ನುವ ವಸ್ತುವನ್ನು ಆ ಹುಡುಗಿ ಸರಿಯಾಗಿ ಕಚ್ಚುವುದಿಲ್ಲ.